ಪೆಟ್ಟಿಗೆಗೆ ನೆರಳು

ಏಪ್ರಿಲ್ 9
ಸೋಲಾರ್ ಪ್ಯಾನೆಲ್ ಒರೆಸಿದೆ. ಆಂಟೆನಾ ಕಂಬದ ಪೆಟ್ಟಿಗೆಯ ಗಾಳಿಕಿಂಡಿಯಲ್ಲಿ ಕಣಜ ಗೂಡು ಕಟ್ಟಿತ್ತು, ಕಿತ್ತೆಸೆದೆ. ಪೆಟ್ಟಿಗೆ ಮುಟ್ಟಿದರೆ ಕಾದ ಹೆಂಚು. ಮಧ್ಯಾಹ್ನ ಒಳಗಿನ ರಿಸೀವರ್ ಮತ್ತೆ ಆಫ್. ಬಿಸಿಲು ಇಳಿದ ಮೇಲೆ ತಾನೇ ಆನ್ ಆಯ್ತು. ಸ್ಪೀಕರಿನಲ್ಲಿ ಟಿಕ್ ಟಿಕ್. ಕುಂಟಿ ಇದ್ದಾಳೆ. ಹಿಂಗಾಲು ಎಳೆಯುವ ತೋಳ, ಅವಳ ಕೊರಳಿನ ರೇಡಿಯೋ ಪಟ್ಟಿಯದೇ ಈ ಟಿಕ್ ಟಿಕ್. ಪಡುವಣ ಬಂಡೆ ಸಂದಿಯಲ್ಲಿ ಮರಿ ಹಾಕಿದ್ದಾಳೆ. ಇವತ್ತು ನಾನು ಕೇಳಿದ ಸದ್ದು ಅದೊಂದೇ.

ಏಪ್ರಿಲ್ 10
ಅರಣ್ಯ ಆಫೀಸಿನ ಕನ್ನಡಕದವನ ಫೋನ್. ಮಧ್ಯಾಹ್ನ ಸಿಗ್ನಲ್ಲೇ ಬರ್ತಿಲ್ಲ ದೊಡ್ಡಮ್ಮ, ತೋಳ ಇದೆಯೋ ಸತ್ತಿದೆಯೋ ಅಂದ. ಹೀಗೇ ಆದರೆ ಜನ ಬಂದು ಬಂಡೆ ಬಂಡೆ ಹುಡುಕ್ತಾರಂತೆ. ಮನುಷ್ಯರ ವಾಸನೆ ಬಡಿದರೆ ಮರಿಗಳನ್ನು ಕಚ್ಚಿಕೊಂಡು ಹೊರಟುಬಿಡ್ತಾಳೆ, ಈ ಬಿಸಿಲಿಗೆ ಒಂದೂ ಉಳಿಯಲ್ಲ ಅಂದೆ. ಅವನಿಗೂ ಗೊತ್ತು. ಮೇಲಿನವರು ಕೇಳಬೇಕಲ್ಲ. ಪೆಟ್ಟಿಗೆಗೆ ನೆರಳು ಮಾಡಿಸು ಅಂದರೆ ಮುಂದಿನ ತಿಂಗಳು ಅಂತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋ ಜನ.
ಬಚ್ಚಲಿನ ತಗಡಿನ ಬಾಗಿಲು ಬಿಚ್ಚಿದೆ. ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗಲಿ ಅಂತ ಆಂಟೆನಾ ಕಂಬಕ್ಕೆ ಪಡುವಣ ಬದಿಗೆ ನಿಲ್ಲಿಸಿ ತಂತಿ ಬಿಗಿದೆ. ಸೊಂಟ ಹೋಯ್ತು.

ಏಪ್ರಿಲ್ 12
ಪೆಟ್ಟಿಗೆ ತಣ್ಣಗಿದೆ. ಮಧ್ಯಾಹ್ನ ಪೂರ್ತಿ ಆನ್. ಟಿಕ್ ಮಾತ್ರ ಸಣ್ಣಗೆ... ನನ್ನ ಕಿವಿಗೂ ವಯಸ್ಸಾಯ್ತು.
ತಂಗಿ ಫೋನ್ ಮಾಡಿದ್ದಳು. ಬಾಗಿಲಿಲ್ಲದ ಬಚ್ಚಲಲ್ಲಿ ಸ್ನಾನ ಅಂದೆ. ನಾಚಿಕೆ ಆಗಲ್ವಾ ಅಕ್ಕ ಅಂದಳು. ನೋಡೋರು ಇದ್ದರೆ ತಾನೆ ನಾಚಿಕೆ ಅಂದೆ.

ಏಪ್ರಿಲ್ 17
ಎರಡು ದಿನದಿಂದ ಏನೂ ಇಲ್ಲ. ಸ್ಪೀಕರಿಗೆ ಕಿವಿ ಹಚ್ಚಿ ಕೂತೆ. ಬರೀ ಬುಸ್ ಅಂತ.
ಕನ್ನಡಕದವನು ಹೇಳಿಬಿಟ್ಟ — ರಿಸೀವರ್ ಸರಿಯಾಗೇ ಇದೆ, ತೋಳವೇ ಸತ್ತಿರಬೇಕು. ನಾಡಿದ್ದು ಹುಡುಕೋಕೆ ನಾಲ್ಕು ಜನ ಬರ್ತಾರೆ. ಬೈಯೋಣ ಅಂದುಕೊಂಡೆ. ಎಷ್ಟು ಹೊತ್ತಿಗೆ ಬರ್ತಾರೆ ಅಂತ ಕೇಳಿದೆ. ಈ ದಿಬ್ಬಕ್ಕೆ ಜನ ಹತ್ತಿ ಎಷ್ಟು ಕಾಲ ಆಯ್ತು.

ಏಪ್ರಿಲ್ 18
ಗುಡಿಸಿದೆ. ಅಟ್ಟದ ಲೋಟ ಇಳಿಸಿ ತೊಳೆದೆ. ಒಂದೇ ಕುರ್ಚಿ, ಉಳಿದವರು ಮಂಚದ ಮೇಲೆ ಕೂರಲಿ. ಆಮೇಲೆ ನೆನಪಾಯ್ತು, ಗಂಡಸರು ಬರ್ತಾರೆ, ಬಚ್ಚಲು ಬಟಾಬಯಲು. ಹೋಗಿ ತಂತಿ ಬಿಚ್ಚಿ ತಗಡು ಇಳಿಸಿದೆ.
ಟಿಕ್ ಟಿಕ್ ಟಿಕ್.
ತಗಡು ಮತ್ತೆ ನಿಲ್ಲಿಸಿದೆ. ಇಲ್ಲ. ಇಳಿಸಿದೆ. ಟಿಕ್. ಅವಳಿಗೂ ಆಂಟೆನಾಕ್ಕೂ ನಡುವೆ ನಾನೇ ಗೋಡೆ ಕಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.
ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ತೊಳೆದಿಟ್ಟ ಲೋಟ ನೋಡುತ್ತಾ ಕೂತೆ. ಹೇಳದಿದ್ದರೆ ನಾಳೆ ಈ ಮನೆಯಲ್ಲಿ ಮಾತಿರುತ್ತೆ, ನಗು ಇರುತ್ತೆ. ಬಂಡೆ ಸಂದಿಯಲ್ಲಿ ಮರಿ ಇರಲ್ಲ.
ಹೊತ್ತು ಮುಳುಗುವಾಗ ಮಾಡಿದೆ.
"ಬದುಕಿದ್ದಾಳೆ ಕಣೋ. ನಾನೇ ಬಚ್ಚಲ ಬಾಗಿಲು ಅಡ್ಡ ಇಟ್ಟಿದ್ದೆ. ಬರಬೇಡಿ."
ನಕ್ಕೂ ನಕ್ಕೂ ಕೆಮ್ಮು ಬಂತು ಅವನಿಗೆ. "ಉಳಿಸಿದ್ರಿ ದೊಡ್ಡಮ್ಮ. ಆ ದಿಬ್ಬ ಹತ್ತೋದು ಯಾರಿಗೆ ಬೇಕಿತ್ತು."
ತಗಡು ಬೇಡ, ಬಿಳಿ ಬಟ್ಟೆ ಕಟ್ಟಿ, ಪೆಟ್ಟಿಗೆಗೆ ತಾಗಿಸದೆ ನಡುವೆ ಗಾಳಿ ಆಡೋಕೆ ಬಿಡಿ ಅಂದ. ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು ಅಂದೆ. ಮೊದಲೇ ಕೇಳಿದ್ರಾ ಅಂದ. ಅದೂ ಸರಿಯೇ.

ಏಪ್ರಿಲ್ 19, ಮಧ್ಯಾಹ್ನ
ಮಂಚದ ಮೇಲಿನ ಬಿಳಿ ಹೊದಿಕೆ ಕಟ್ಟಿದ್ದೇನೆ. ಕೆಳಗೆ ಗಾಳಿ ಓಡುತ್ತೆ. ಪೆಟ್ಟಿಗೆ ಬೆಚ್ಚಗಿದೆ, ಸುಡಲ್ಲ. ಆಫ್ ಆಗಿಲ್ಲ.
ಕನ್ನಡಕದವನು ಖುಷಿಯಲ್ಲಿ ಫೋನ್ ಮಾಡಿದ. ಸಿಗ್ನಲ್ ಗಟ್ಟಿಯಾಗಿ ಬರ್ತಿದೆ, ಎಲ್ಲ ಆಫೀಸಲ್ಲೇ ಕಾಣುತ್ತೆ, ಇನ್ನು ನಾವು ದಿನಾ ಫೋನ್ ಮಾಡಿಕೊಳ್ಳೋ ತೊಂದರೆ ಇಲ್ಲ ದೊಡ್ಡಮ್ಮ ಅಂದ. ಒಳ್ಳೇದಾಯ್ತು ಅಂದೆ. ಫೋನ್ ಇಟ್ಟ.
ಟಿಕ್ ಟಿಕ್ ಸರಿಯಾಗಿದೆ. ಒಂದೇ ಕಡೆ ಮಲಗಿದ್ದಾಳೆ. ಮರಿಗಳು ಹೊಟ್ಟೆಗೆ ಅಂಟಿಕೊಂಡಿರಬೇಕು ಈಗ. ನಾನು ಇಲ್ಲಿ ತೊಳೆದ ಲೋಟಗಳನ್ನು ಮತ್ತೆ ಅಟ್ಟಕ್ಕೇರಿಸಿ, ಕಿವಿಗೊಟ್ಟು ಕೂತಿದ್ದೇನೆ.