ಮೆಷಿನ್ ನಿಲ್ಲುವ ಪುಟ

ಭಾನುವಾರ, ಮೇ ೧೧

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಂಡು ಕೂರಬೇಡ. ರಜೆ ಬಂತೆಂದರೆ ಮಿಕ್ಕವರಿಗೆಲ್ಲ ಬಿಡುವು, ದರ್ಜಿಗಳಿಗೆ ಮಾತ್ರ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಮೂರು ಶಾಲೆಗಳ ಯೂನಿಫಾರಂ ಬಟ್ಟೆ ಅಂಗಡಿಯಲ್ಲಿ ಗುಡ್ಡೆ ಬಿದ್ದಿದೆ. ನಿನ್ನ ಭಾವ ಇಸ್ತ್ರಿ ಮೇಜಿನ ಮುಂದೆ ನಿಂತೂ ನಿಂತೂ ಕಾಲು ಊದಿಸಿಕೊಂಡಿದ್ದಾರೆ. "ನರ್ಸಮ್ಮನಿಗೆ ಬರಿ, ಏನಾದ್ರೂ ಮುಲಾಮು ಹೇಳ್ತಾಳೆ" ಅಂದರು. ಬರೆದಿದ್ದೇನೆ.

ನಿನಗೆ ಹಗಲು ಪಾಳಿ ಸಿಕ್ಕಿದ್ದು, ಹೊಸ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿರುವುದು ಎಲ್ಲ ಓದಿ ಸಮಾಧಾನವಾಯಿತು. ಗಂಡನನ್ನು ಕಳೆದುಕೊಂಡು, ಎರಡು ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿದ ದಿನ, "ಅಕ್ಕಾ, ಒಂದು ನೆಲೆ ಅಂತ ಆಗ್ಲಿ, ಬಂದು ಕರ್ಕೊಂಡು ಹೋಗ್ತೀನಿ" ಎಂದಿದ್ದೆ. ಏಳು ವರ್ಷ ಹಿಡಿದರೂ ಮಾತು ಉಳಿಸಿಕೊಂಡೆ. ಇನ್ನು ಅವಳು ನಿನ್ನ ಹತ್ತಿರವೇ ಇರುವವಳು. ಅದೇ ಸರಿ. ಮಗಳು ತಾಯಿಯ ಹತ್ತಿರ ಇರುವುದಕ್ಕೆ ಯಾರನ್ನು ಕೇಳಬೇಕು?

ಈಗ ನಿನ್ನ ದೂರಿಗೆ ಬರುತ್ತೇನೆ. "ಪುಸ್ತಕದ ಹುಳು ಅಂತ ಹೊಗಳಿ ಕಳಿಸಿದೆ. ಬಂದಾಗಿಂದ ಒಂದು ಪುಟ ತಿರುಗಿಸಿಲ್ಲ. ಪುಸ್ತಕದ ಪೆಟ್ಟಿಗೇನ ಮಂಚದ ಕೆಳಗೆ ತಳ್ಳಿದ್ದಾಳೆ. ಓದೇ ಅಂದ್ರೆ 'ಆಮೇಲೆ' ಅಂತಾಳೆ" ಎಂದು ಬರೆದಿದ್ದೀ. ಹತ್ತು ಪುಟ ಓದಿದರೆ ಐಸ್‌ಕ್ರೀಂ ಕೊಡಿಸುತ್ತೇನೆಂದೆಯಂತೆ. ಅಯ್ಯೋ ಹುಚ್ಚಿ, ಅವಳ ಹತ್ತಿರ ಲಂಚ ನಡೆಯುವುದಿಲ್ಲ.

ಅವಳಿಗೆ ಓದು ಹತ್ತಿದ್ದು ಹೇಗೆಂದು ಹೇಳುತ್ತೇನೆ, ಕೇಳು. ಎರಡು ವರ್ಷದ ಹಿಂದೆ, ಇಂಥದೇ ರಜೆ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿಗಳ ನಡುವೆ ಬಿದ್ದುಕೊಂಡು "ಬೋರು, ಬೋರು" ಎಂದು ನನ್ನ ಪ್ರಾಣ ತಿನ್ನುತ್ತಿದ್ದಳು. ನಾನು ರೇಗಿ, "ನನ್ನ ಕೈ ಖಾಲಿ ಇಲ್ಲ, ಕಣ್ಣು ಖಾಲಿ ಇಲ್ಲ. ಕಿವಿ ಒಂದು ಖಾಲಿ ಇದೆ. ಬೇಕಾದ್ರೆ ಅದಕ್ಕೆ ಏನಾದ್ರೂ ತುಂಬು" ಎಂದೆ. ರದ್ದಿ ಅಂಗಡಿಯಿಂದ ತಂದಿದ್ದ ಒಂದು ಪುಸ್ತಕ ತೆಗೆದು ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು. ನಾನು ಪೆಡಲು ತುಳಿಯುತ್ತಿದ್ದೆ. ಕಥೆ ಬಿಗಿಯಾದ ಒಂದು ಕಡೆ, ನನಗೇ ತಿಳಿಯದೆ ಕಾಲು ನಿಂತಿತು. "ದೊಡ್ಡಮ್ಮಾ, ಮೆಷಿನ್ ನಿಂತ್ಹೋಯ್ತು!" ಎಂದು ಮೇಜಿಗೆ ತಲೆ ಬಡಿಸಿಕೊಂಡು ಎದ್ದಳು.

ಅಂದಿನಿಂದ ಅವಳು ಓದುವುದೇ ಮೆಷಿನ್ ನಿಲ್ಲಿಸಲು. ಸಂಜೆ ದೊಡ್ಡಪ್ಪನ ಮುಂದೆ "ಇವತ್ತು ಎಷ್ಟು ಸಲ ನಿಲ್ಸಿದೆ ಗೊತ್ತಾ?" ಎಂದು ಜಂಬ. ನಿನ್ನ ಭಾವ, "ನೀನು ಹಿಂಗೇ ನಿಲ್ಲಿಸ್ತಾ ಇದ್ರೆ ಮಕ್ಕಳೆಲ್ಲ ಚಡ್ಡಿ ಇಲ್ದೆ ಶಾಲೆಗೆ ಹೋಗ್ಬೇಕಾಗುತ್ತೆ ಕಣೇ" ಎನ್ನುವರು. ಗಿರಾಕಿಗಳು ಅವಳಿಗೆ ರೇಡಿಯೋ ಎಂದೇ ಹೆಸರಿಟ್ಟರು.

ಹಾಗಾಗಿ, 'ಓದು' ಎನ್ನಬೇಡ. ಬಟ್ಟೆ ಮಡಿಸುವಾಗಲೋ ಪಾತ್ರೆ ತೊಳೆಯುವಾಗಲೋ, "ಬೇಜಾರು ಕಣೇ, ಏನಾದ್ರೂ ಓದಿ ಹೇಳು" ಎನ್ನು. ಕಥೆ ಬಿಗಿಯಾದಾಗ ಕೈ ನಿಲ್ಲಿಸು. ನಿಜವಾಗಿ ಹಿಡಿಸಿದರೆ ಮಾತ್ರ. ನಟನೆ ಮಾಡಿದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ತಪ್ಪು ಓದಿದರೆ ತಿದ್ದಬೇಡ. ಈಗ ಹಿಡಿದಿರುವುದು ಯಾವುದೋ ಹಿಮದ ದೇಶದ ಕಥೆ, ಬೇರೆ ಭಾಷೆಯಿಂದ ಬಂದದ್ದು. ಅದರ ಹುಡುಗನ ಹೆಸರು ನಮ್ಮ ಮೂವರ ನಾಲಿಗೆಯಲ್ಲೂ ಹೊರಳಲಿಲ್ಲ. ನಿನ್ನ ಭಾವ ಅವನಿಗೆ 'ಉದ್ದೆಸ್ರಪ್ಪ' ಎಂದು ಹೆಸರಿಟ್ಟರು. ಅವಳೂ ಹಾಗೇ ಓದುತ್ತಾಳೆ, "ಉದ್ದೆಸ್ರಪ್ಪ ಬಾಗಿಲು ತೆರೆದು ಹಿಮದೊಳಗೆ ನಡೆದುಹೋದ" ಎಂದು. ನೀನು ನಕ್ಕರೆ ಅವಳಿಗೆ ಕೋಪ ಬರುತ್ತದೆ. ಅವಳಿಗೆ ಅದು ತಮಾಷೆಯಲ್ಲ.

ಇಲ್ಲಿ ಕೆಲಸ ಚುರುಕಾಗಿ ಸಾಗಿದೆ. ಬೆಳಿಗ್ಗೆ ಕೂತರೆ ಊಟದ ಹೊತ್ತಿನವರೆಗೆ ಮೆಷಿನ್ ನಿಲ್ಲುವುದೇ ಇಲ್ಲ. ಪ್ಯಾಂಟು ಮೋಟು ಮಾಡಿಸಲು ಬಂದ ಮುದುಕರೊಬ್ಬರು "ಏನಮ್ಮಾ, ರೇಡಿಯೋ ಬಂದ್ ಆಗಿದೆ?" ಅಂದರು. ನಾನು ಅಳತೆ ಟೇಪು ಹುಡುಕುತ್ತಾ ಒಳಗೆ ಹೋದೆ. ಟೇಪು ಕತ್ತಿನಲ್ಲೇ ಇತ್ತು. ಮೊನ್ನೆ ನಿನ್ನ ಭಾವ ಪೇಪರು ಹಿಡಿದು ನನಗೆ ಓದಿ ಹೇಳಲು ನೋಡಿದರು. "ನಿಮ್ಮ ಓದು ಕೇಳಿದ್ರೆ ಸೂಜಿಗೂ ನಿದ್ದೆ ಬರುತ್ತೆ" ಎಂದೆ. ಅವರು ನಗಲಿಲ್ಲ. ಪೇಪರು ಮಡಿಸಿಟ್ಟು ಮತ್ತೆ ಇಸ್ತ್ರಿ ಪೆಟ್ಟಿಗೆ ಹಿಡಿದರು.

ಅವಳ ತಲೆ ಬಾಚುವಾಗ ಎಡಗಡೆ ಸಿಕ್ಕು ಜಾಸ್ತಿ, ನಿಧಾನಕ್ಕೆ ಬಿಡಿಸು. ತಾಯಿ ಮಗಳು ಚೆನ್ನಾಗಿರಿ. ನಿನ್ನ ಕಷ್ಟದ ದಿನಗಳು ಮುಗಿದವೆಂದೇ ತಿಳಿ. ನಮ್ಮಿಬ್ಬರ ಆಶೀರ್ವಾದ ನಿಮ್ಮಿಬ್ಬರ ಮೇಲೂ ಇದೆ.

ನಿನ್ನ
ಅಕ್ಕ

ತಾ.ಕ.: ಮೇಲೆ ಬರೆದದ್ದೆಲ್ಲ ನಿಜ. ಆದರೆ ಅವಳು ಓದದೆ ಕೂತಿರುವುದು ಅದಕ್ಕಲ್ಲ. ಹೊರಡುವ ದಿನ, ನೀನು ಪೆಟ್ಟಿಗೆ ಮೇಲಿಡಿಸಲು ಕಂಡಕ್ಟರನ ಹಿಂದೆ ಹೋಗಿದ್ದಾಗ, ಅವಳು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ದೊಡ್ಡಮ್ಮಾ, ನೀನಿಲ್ದೆ ಮುಂದೆ ಒಂದು ಸಾಲೂ ಓದಲ್ಲ, ಆಣೆ. ರಜೆ ಮುಗಿಸಿ ಬಂದು ಶುರು ಮಾಡೋಣ. ಕರ್ಕೊಂಡು ಹೋಗೋಕೆ ನೀನೇ ಬಾ, ದೊಡ್ಡಪ್ಪನ್ನ ಕಳಿಸ್ಬೇಡ, ಬಸ್ಸಲ್ಲಿ ಗೊರಕೆ ಹೊಡೀತಾರೆ" ಎಂದಳು. "ಇನ್ನು ಅಮ್ಮನ ಮನೆಯೇ ನಿನ್ನ ಮನೆ" ಎಂದು ಅವಳಿಗೆ ನಾನೇ ಹೇಳಿ ಕಳಿಸುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೆ. ಎಷ್ಟೋ ಸಲ ಬಾಯಿ ತೆರೆದೆ. ಬಸ್ಸು ಹೊರಟಾಗ ನನ್ನ ಬಾಯಿಂದ ಬಂದದ್ದು "ಆಗಲಿ" ಅನ್ನುವ ಒಂದೇ ಮಾತು. ಅವಳು ಕಿಟಕಿ ಹತ್ತಿರ ಕೂತು ನನ್ನ ದಾರಿ ಕಾಯುತ್ತಿದ್ದಾಳೆ. ಇನ್ನು ನೀನೇ ಹೇಳಬೇಕು. ಹೊಟ್ಟೆ ತುಂಬಿದ ಮೇಲೆ, ಪಕ್ಕದಲ್ಲಿ ಕೂತು ಹೇಳು. ದೊಡ್ಡಮ್ಮ ನಿನ್ನ ಆಣೆ ಬಿಡಿಸಿದ್ದಾಳೆ, ಮುಂದಿನದನ್ನು ಅಮ್ಮನಿಗೇ ಓದಿ ಹೇಳಬೇಕಂತೆ ಎನ್ನು. ಅತ್ತರೆ ಅಳಲಿ ಬಿಡು. ಇದೆಲ್ಲ ಬಸ್ಸು ಹತ್ತಿಸುವಾಗಲೇ ದೊಡ್ಡಮ್ಮನಿಗೆ ಗೊತ್ತಿತ್ತು ಅಂತ ಮಾತ್ರ ಹೇಳಬೇಡ.