ಎರಡಿದ್ದರೆ ಜೋಡು

ಕೊಟ್ಟೂರು
೧೨-೨-೧೯೯೮

ನಮ್ಮ ಮನೆಯವರಿಗೆ ಗಾಳೆಮ್ಮ ಮಾಡುವ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅತ್ತೆಯವರು ಗಟ್ಟಿಯಾಗಿದ್ದಾರೆ, ಒಂದೇ ಉಸಿರಿಗೆ ನಿಮ್ಮನ್ನೂ ನನ್ನನ್ನೂ ಬೈಯುವಷ್ಟು. ಮನೆಯ ಮುಂಗೋಣೆಯ ಅಂಗಡಿಯೂ ನಡೆಯುತ್ತಿದೆ. ಎತ್ತಿನ ಕೊರಳಪಟ್ಟಿಗೆ, ಬಾರುಕೋಲಿಗೆ ಜನ ಈಗಲೂ ನಮ್ಮಲ್ಲಿಗೇ ಬರುತ್ತಾರೆ. ತೊಗಲಿನ ಕೆಲಸ ಸಾಕು, ರಬ್ಬರ್ ಚಪ್ಪಲಿ ತಂದು ಮಾರೋಣ ಎಂದಿರಿ. ನಾನು ಒಲ್ಲೆ ಎಂದೆ. ನಾನು ಹೊಲಿದುಕೊಟ್ಟ ಜೋಡನ್ನು ಹೊಸ್ತಿಲಲ್ಲಿ ಕಳಚಿಟ್ಟು, ರಬ್ಬರ್ ಮೆಟ್ಟಿಕೊಂಡು ದಸರೆಗೆ ಮನೆ ಬಿಟ್ಟಿರಿ. ಆ ಜಗಳ ಈಗ ಬೇಡ. ಬರೆಯುತ್ತಿರುವುದು ಆ ಜೋಡಿನ ವಿಷಯ.

ಅದನ್ನು ಅಂಗಡಿಯ ಒಳಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಕೆಳಗೆ ಹೊಸ್ತಿಲ ಹತ್ತಿರ ಇತ್ತು, ಬೆರಳು ತೂರಿಸುವ ಉಂಗುಟ ಹೊರಗೆ ಮಾಡಿ. ಜೋಡನ್ನು ಬಾಗಿಲಿಗೆ ಮುಖ ಮಾಡಿ ಇಡಬಾರದು, ಒಡೆಯನನ್ನು ಹುಡುಕಿಕೊಂಡು ಹೊರಡುತ್ತದೆ ಎಂದು ಮಾವನವರು ಹೇಳುತ್ತಿದ್ದರು. ನೀವು ನಗುತ್ತಿದ್ದಿರಿ. ಬೆಕ್ಕು ಕೆಡವಿರಬೇಕೆಂದು ಮತ್ತೆ ತೂಗುಹಾಕಿದೆ. ಮರುದಿನವೂ ಹಾಗೆಯೇ. ಈ ಸಲ ಅಟ್ಟೆಗೆ ಕಪ್ಪು ಎರೆಮಣ್ಣು ಮೆತ್ತಿತ್ತು. ನಮ್ಮ ಓಣಿಯಲ್ಲಿ ಎರೆಮಣ್ಣು ಎಲ್ಲಿದೆ, ನೀವೇ ಹೇಳಿ.

ಎಡಗಾಲಿನ ಹಿಮ್ಮಡಿ ಹೊರಬದಿಗೆ ಸವೆದಿತ್ತು. ನೀವು ನಡೆಯುವಾಗ ಎಡಗಾಲನ್ನು ಹೊರಕ್ಕೆ ಚೆಲ್ಲುತ್ತೀರಲ್ಲ, ಹಾಗೆ. ಸಂತೆಯಲ್ಲಿ ರಾಶಿ ಹಾಕಿದರೂ ಆ ಸವೆತವನ್ನು ನಾನು ಗುರುತಿಸುತ್ತೇನೆ.

ಅತ್ತೆಯವರಿಗೆ ತೋರಿಸಿದೆ. "ಇದನ್ನ ಮನಿಯಾಗ ಇಟ್ಕೋಬ್ಯಾಡ, ಒಯ್ದು ಹಳ್ಳಕ್ಕ ಒಗದು ಬಾ" ಎಂದರು. ಒಯ್ದೆ. ಎಸೆಯಲು ಕೈ ಬರಲಿಲ್ಲ. ವಾಪಸು ಬಂದು ತೊಗಲು ಕೊಯ್ಯುವ ರಂಪಿಗೆ ತೆಗೆದುಕೊಂಡು ಕೂತು, ಸವೆದದ್ದನ್ನು ಕೊಯ್ದು ಹೊಸ ಹಿಮ್ಮಡಿ ಹಾಕಿದೆ. ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೂಜಿ ಬೆರಳಿಗೆ ನಟ್ಟಿತು. ಆದರೂ ಸವೆದ ಅಟ್ಟೆಯಲ್ಲಿ ನಿಮ್ಮನ್ನು ನಡೆಸಲು ಮನಸ್ಸು ಒಪ್ಪಲಿಲ್ಲ. ಅಂದಿನಿಂದ ಅದು ಸವೆದಂತೆಲ್ಲ ನಾನು ರಿಪೇರಿ ಮಾಡುತ್ತಲೇ ಇದ್ದೇನೆ. ಎರೆಮಣ್ಣು ಹೋಗಿ ಕೆಂಪು ಮಸಾರಿ ಮಣ್ಣು ಬಂತು, ನಮ್ಮೂರಿಗೆ ಹತ್ತಿರದ ಚಿಗಟೇರಿ ಕಡೆಯದಿರಬೇಕು. ಇವತ್ತು ಬೆಳಿಗ್ಗೆ ಅಟ್ಟೆಯಲ್ಲಿ ಶೇಂಗಾ ಸಿಪ್ಪೆ ಸಿಕ್ಕಿತ್ತು. ನಮ್ಮ ಓಣಿಯ ತುದಿಯ ಮಿಲ್ಲಿನ ಮುಂದೆ ಬಿದ್ದಿರುತ್ತದಲ್ಲ, ಅಂಥದ್ದು.

ಮಧ್ಯಾಹ್ನ ನೀಲಗುಂದದಿಂದ ನಿಮ್ಮ ಗೆಳೆಯ ರಾಜಾಸಾಬಣ್ಣ ಮನೆ ಹುಡುಕಿಕೊಂಡು ಬಂದರು. ನೀವು ಅವರ ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೀರಿ ಎಂದು ನನಗೆ ಗೊತ್ತಾದದ್ದೇ ಆಗ. ಜಾಲಿಮುಳ್ಳು ರಬ್ಬರ್ ದಾಟಿ ಎಡಗಾಲಿಗೆ ನಟ್ಟು, ಕೀವಾಗಿ, ಸಂಕ್ರಾಂತಿಯಿಂದ ಹಾಸಿಗೆ ಹಿಡಿದಿದ್ದೀರಂತೆ. ಜಾಲಿಮುಳ್ಳಿಗೆ ರಬ್ಬರ್ ಯಾವ ಲೆಕ್ಕ ಎಂದು ಬೈಯಬೇಕೆನ್ನಿಸಿತು, ಅಳು ಬಂತು.

"ಎದ್ದು ಕುಂದ್ರಾಕೂ ಆಗವಲ್ದು ತಂಗಿ ನಮ್ಮ ಹುಲುಗಣ್ಣಗ" ಎಂದರು ರಾಜಾಸಾಬಣ್ಣ. "ಆದ್ರ ನಿದ್ದಿಯಾಗ ಕಾಲು ಆಡಸ್ತಾನ, ನಡದಂಗ. ಮುಂಜಾನಿ ನೋಡಿದ್ರ ಪಾದಕ್ಕೆಲ್ಲ ಧೂಳ."

ಧೂಳು ಯಾವ ಬಣ್ಣ ಎಂದು ಕೇಳಿದೆ.

"ಕೆಂಪು. ನಮ್ಮ ಎರಿ ಸೀಮ್ಯಾಗ ಅದು ಎಲ್ಲಿಂದ ಬರತೈತೋ" ಎಂದರು.

ಅವರು ಇಲ್ಲೇ ನೆಂಟರ ಮನೆಯಲ್ಲಿದ್ದು ನಾಳೆ ಮೊದಲ ಬಸ್ಸಿಗೆ ಹೊರಡುತ್ತಾರೆ. ಈ ಪತ್ರವನ್ನು ಅವರ ಕೈಯಲ್ಲೇ ಕೊಡುತ್ತೇನೆ. ಅತ್ತೆಯವರ ಹತ್ತಿರ ಇರಲು ಪಕ್ಕದ ಮನೆಯವರಿಗೆ ಹೇಳಿ, ಮಧ್ಯಾಹ್ನದ ಬಸ್ಸಿಗೆ ನಾನೇ ಬರುತ್ತೇನೆ, ನಿಮ್ಮನ್ನು ದೊಡ್ಡ ಆಸ್ಪತ್ರೆಗೆ ಒಯ್ಯುತ್ತೇನೆ. ನೀವು ಬದುಕಬೇಕು. ಆಮೇಲೆ ರಬ್ಬರ್ ಬೇಕಾದರೂ ಮಾರಿ, ನಾನು ತುಟಿ ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಒಂದು ಮಾತು ನಡೆಸಿಕೊಡಿ, ನಿದ್ದೆಯಲ್ಲಿ ಎಲ್ಲಿಗೂ ಹೊರಡಬೇಡಿ. ಓಣಿಯ ತುದಿಗೆ ಬಂದುಬಿಟ್ಟಿದ್ದೀರಿ. ಮನೆಯೊಳಗೆ ಬರುವುದಾದರೆ ಮೈಸಮೇತ ಬನ್ನಿ. "ಎರಡಿದ್ರ ಜೋಡು, ಒಂದಾದ್ರ ಬರೇ ತೊಗಲು" ಎನ್ನುತ್ತಿದ್ದ ನಿಮ್ಮಪ್ಪನ ಮಾತು ಮರೆಯಬೇಡಿ.

ನಿಮ್ಮ ದಾರಿ ಕಾಯದೆ, ತಾನೇ ಹೊರಟಿರುವ
ಗಾಳೆಮ್ಮ

ತಾ.ಕ.: ಇದು ಮರುದಿನ ಬೆಳಿಗ್ಗೆ ಬರೆಯುತ್ತಿರುವುದು. ಪತ್ರ ಮಡಚಲು ಅಂಗಡಿಗೆ ಬಂದೆ. ಜೋಡು ಹೊಸ್ತಿಲ ಒಳಬದಿಗಿದೆ, ಉಂಗುಟ ಮನೆಯೊಳಗೆ ಮುಖ ಮಾಡಿಕೊಂಡಿದೆ. ನಿನ್ನೆ ಸಂಜೆ ಹಾಕಿದ ಹಿಮ್ಮಡಿ ಒಂದಿಷ್ಟೂ ಸವೆದಿಲ್ಲ. ಮಣ್ಣೂ ಹತ್ತಿಲ್ಲ. ಅಡುಗೆಮನೆಯಿಂದ ಅತ್ತೆಯವರು "ಯಾರ ಜೋಡಿ ಮಾತಾಡಾಕತ್ತಿ, ಮಗ ಬಂದ್ನೇನು?" ಎಂದು ಕೂಗುತ್ತಿದ್ದಾರೆ. ನಾನು ಮಾತೇ ಆಡಿಲ್ಲ. ರಾಜಾಸಾಬಣ್ಣ ಹೊರಗೆ ನಿಂತು ಪತ್ರ ಕೇಳುತ್ತಿದ್ದಾರೆ. ಇದನ್ನು ನೀಲಗುಂದಕ್ಕೆ ಕೊಟ್ಟು ಕಳಿಸಲೇ, ಇಲ್ಲೇ ನಿಮಗೆ ಓದಿ ಹೇಳಲೇ?