ಅತ್ತೆಯ ತಟ್ಟೆಯ ಸೊಪ್ಪು

ರೆಥಿಮ್ನೋ, ಕ್ರೀಟ್
ಫೆಬ್ರವರಿ ೧೯

ಪ್ರೀತಿಯ ಕಲಿರೋಯಿ ಅತ್ತೆಗೆ,

ನಾಲ್ಕು ದಿನದಿಂದ ನಿಮ್ಮ ಮಂಚದ ಪಕ್ಕ ಕೂತು ಎದ್ದು ಬರುತ್ತಿದ್ದೇನೆ, ಹೇಳಲು ಬಾಯಿ ಬರುತ್ತಿಲ್ಲ. ಅದಕ್ಕೇ ಈ ಕಾಗದ. ಆಸ್ಪತ್ರೆಯಲ್ಲಿ ನೀವು ಹೇಳಿದ ಸುಳ್ಳು ನನ್ನ ಮಾನ ಉಳಿಸಿತು, ಆದರೆ ಆ ಮಾನ ನನಗೆ ಸಲ್ಲದು.

ನಾನು ಆಹಾರತಜ್ಞೆಯಾಗಿ ಕೆಲಸಕ್ಕೆ ಸೇರಿ ಮೂರೇ ತಿಂಗಳು. ನಿಮ್ಮ ಹೃದಯಕ್ಕೆ ಕೃತಕ ಕವಾಟ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗುತ್ತೀರಿ ಎಂದು ಗೊತ್ತಿತ್ತು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಬಲ ಕುಗ್ಗಿಸುತ್ತದೆ ಎಂದೂ ಗೊತ್ತಿತ್ತು. ಅಷ್ಟೇ ಸಾಕೆಂದುಕೊಂಡೆ. ಬೆಟ್ಟದಿಂದ ಕಿತ್ತು ತಂದ ಸೊಪ್ಪು ಬೇಯಿಸಿ, ಆಲಿವ್ ಎಣ್ಣೆ ಸುರಿದು, ನಿಂಬೆ ಹಿಂಡುತ್ತಿದ್ದ ನಿಮ್ಮ ಮುಂದಿನಿಂದ ತಟ್ಟೆಯನ್ನೇ ಎಳೆದುಕೊಂಡೆ.

“ಇದೇನೇ, ನನ್ನನ್ನ ಉಪವಾಸ ಕೆಡವಿ ಸಾಯಿಸ್ತೀಯಾ?” ಎಂದಿರಿ.

“ಬದುಕಿಸ್ತೀನಿ ಅತ್ತೆ. ವಿಜ್ಞಾನ ಹೇಳುತ್ತೆ.”

“ಹಾಗಾದ್ರೆ ನಿನ್ನ ವಿಜ್ಞಾನಾನ ಒಂದಿನ ಊಟಕ್ಕೆ ಕರಿ. ನಾನೇನು ತಿಂತೀನಿ ಅಂತ ನೋಡ್ಲಿ,” ಎಂದು ನಕ್ಕಿರಿ. ಆದರೂ ಸೊಸೆಯ ಮಾತು ನಡೆಸಿದಿರಿ.

ಸೊಪ್ಪು ಬಿಟ್ಟ ಹನ್ನೊಂದನೇ ದಿನ ಬೆಳಿಗ್ಗೆ ನಿಮ್ಮ ಮೂಗಿನಿಂದ ರಕ್ತ ಸುರಿಯತೊಡಗಿತು. ಎರಡು ಟವೆಲ್ ತೊಯ್ದರೂ ನಿಲ್ಲಲಿಲ್ಲ. ತೋಳಿನ ತುಂಬ ನೀಲಿ ಕಲೆಗಳು. ಕಾರು ಓಡಿಸುತ್ತಿದ್ದ ನಿಮ್ಮ ಮಗ ಸ್ತ್ರಾತಿಸ್ “ಅಮ್ಮಾ, ಮಾತಾಡ್ತಾ ಇರು” ಎಂದು ಕೂಗುತ್ತಿದ್ದ. ಹಿಂದಿನ ಸೀಟಿನಲ್ಲಿ ನಿಮ್ಮ ಮೂಗು ಒತ್ತಿಹಿಡಿದಿದ್ದ ನನಗೆ ಕಾರಣ ಆಗಲೇ ಹೊಳೆದಿತ್ತು. ಮಿದುಳಿನೊಳಗೂ ಹೀಗೇ ಸೋರುತ್ತಿದ್ದರೆ?

ಡಾಕ್ಟರ್ ವರ್ದಾಕಿಸ್ ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದರು. “ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸೋ ಅಂಕ ಮೂರರ ಆಸುಪಾಸು ಇರಬೇಕಾದ್ದು ಒಂಬತ್ತಾಗಿದೆ! ಈಕೆ ದಿನಾ ತಿನ್ನೋ ಸೊಪ್ಪಿಗೆ ಹೊಂದಿಸಿಯೇ ಮಾತ್ರೆ ಕೊಟ್ಟಿದ್ದೆ. ಸೊಪ್ಪಿಲ್ಲದೆ ಅದೇ ಮಾತ್ರೆ ಅತಿಯಾಗಿದೆ. ಸೊಪ್ಪು ಬಿಡು ಅಂದೋರು ಯಾರು?”



“ಯಾರೂ ಇಲ್ಲಪ್ಪ. ನಂಗೇ ಬೇಜಾರಾಯ್ತು, ಬಿಟ್ಟೆ,” ಎಂದಿರಿ ನೀವು. ಹೊದಿಕೆಯಡಿ ನನ್ನ ಮಣಿಕಟ್ಟು ಹಿಡಿದು ಸುಮ್ಮನಿರು ಎಂಬಂತೆ ಒತ್ತಿದಿರಿ.

ಮಿದುಳಿನ ಸ್ಕ್ಯಾನ್ ಫಲಿತಾಂಶ ಬರುವವರೆಗೆ ಆ ಕೋಣೆಯ ಬಾಗಿಲ ಮುಂದೆ ನಿಂತಿದ್ದೆ. ಏನೂ ಆಗಿಲ್ಲವೆಂದರು. ಆಮೇಲೆ, ಹಿಂದೆ ಬರೀ ಸಾರಾಂಶ ಓದಿ ಮುಚ್ಚಿಟ್ಟಿದ್ದ ಅಧ್ಯಯನಗಳನ್ನು ಪೂರ್ತಿ ಓದಿದೆ. ಸೊಪ್ಪನ್ನು ಪೂರಾ ಬಿಡಿಸಿ ಎಂದು ಅವುಗಳಲ್ಲಿ ಇರಲೇ ಇಲ್ಲ. ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಲಿ ಎಂದಿತ್ತು. ಆ ಅಳತೆ ಗೊತ್ತಿದ್ದದ್ದು ನಿಮಗೆ. ನಾನು ಕೇಳಲೇ ಇಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರ ಮುಂದೆ, ಸ್ತ್ರಾತಿಸ್ ಮುಂದೆ ನಿಜ ಹೇಳಿದೆ. “ಗೊತ್ತಿತ್ತು ಕಣಮ್ಮಾ. ನೀನಾಗಿ ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ,” ಎಂದರು ಡಾಕ್ಟರ್. ಸ್ತ್ರಾತಿಸ್ ಇನ್ನೂ ನನ್ನೊಡನೆ ಮಾತಾಡಿಲ್ಲ. ಆಡದಿರಲಿ, ಅವನ ತಾಯಿ ನೀವು.

ನಾಳೆ ಮನೆಗೆ ಬರುತ್ತೀರಿ. ಬಯ್ಯಬೇಕೆನಿಸಿದರೆ ಮನಸಾರೆ ಬಯ್ಯಿರಿ. ಆದರೆ ನನಗಾಗಿ ಇನ್ನೊಂದು ಸುಳ್ಳು ಹೇಳಬೇಡಿ ಅತ್ತೆ. ಏನು ತಿಂದಿರಿ, ಎಷ್ಟು ತಿಂದಿರಿ, ಯಾವುದು ಸೇರಲಿಲ್ಲ ಎಂಬ ನಿಜವಷ್ಟೇ ನನಗೆ ಬೇಕು. ಈ ಸಲ ಮೊದಲು ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಉಸಿರು ನೂರು ಕಾಲ ನಮ್ಮ ಮನೆಯಲ್ಲಿರಲಿ.

ತಪ್ಪು ಒಪ್ಪಿಕೊಂಡ ನಿಮ್ಮ ಸೊಸೆ,
ಆರ್ಗಿರೋ